ದೂತನ ಅರ್ಥ ಯಾರು ಹೇಳುತ್ತಾರೆ?

ತಾಳಮದ್ದಳೆಯನ್ನು ಕಲೆಯೆಂದು ಕಂಡು ಬರೆದವರು ಬಹಳ ಜನ. ದಿನದ ಕೆಲಸ ಮುಗಿಸಿ ಬಂದ ಐದಾರು ಮಂದಿ ಒಂದೆಡೆ ಕೂತು, ಆ ರಾತ್ರಿಯ ಮಟ್ಟಿಗೆ ಕೃಷ್ಣನೋ ಕೌರವನೋ ಆಗಿ ಮಾತಾಡುವ ಹವ್ಯಾಸವಾಗಿ ಅದನ್ನು ನೋಡಿದವರು ಕಡಿಮೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಈ ಹವ್ಯಾಸದ ಸುತ್ತ ಬಳಗಗಳು ಕಟ್ಟಿಕೊಂಡಿವೆ, ಒಡೆದಿವೆ, ಮತ್ತೆ ಕೂಡಿವೆ. ಮನೆಯ ಜಗಲಿಯಿಂದ ದೇವಸ್ಥಾನದ ಪೌಳಿಗೆ, ಅಲ್ಲಿಂದ ಸಭಾಭವನಕ್ಕೆ, ಕ್ಯಾಸೆಟ್ಟಿಗೆ, ಈಗ ಮೊಬೈಲಿಗೆ ಬಂದಿವೆ. ಕಳೆದ ಹತ್ತು ವರ್ಷಗಳಲ್ಲಿ ಕೇಳುವವರು ಹೆಚ್ಚಿದ್ದಾರೆ. ಅರ್ಥ ಹೇಳಲು ಕೂರುವ ಹೊಸಬರು ಆ ಪ್ರಮಾಣದಲ್ಲಿ ಹೆಚ್ಚಿದಂತೆ ನನಗೆ ಕಾಣುತ್ತಿಲ್ಲ. ಈ ಅಂತರ ಎಲ್ಲಿಂದ ಶುರುವಾಯಿತು ಎಂದು ಹುಡುಕಿದರೆ ಇಂಟರ್ನೆಟ್ಟಿಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಕೂಟದ ರೀತಿ ಕಾಣದವರಿಗಾಗಿ ಒಂದೆರಡು ಮಾತು. ಯಕ್ಷಗಾನದ ಆಟದಂತೆ ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ್ಯ ಹಾಡುವ ಭಾಗವತರು, ಅವರ ಪಕ್ಕದಲ್ಲಿ ಮದ್ದಳೆ, ಚಂಡೆ, ಎದುರುಬದುರಾಗಿ ಅರ್ಥಧಾರಿಗಳು. ಭಾಗವತರ ಮುಂದೆ ಪ್ರಸಂಗದ ಪುಸ್ತಕ. ಪದ್ಯ ಕವಿಯದು, ಅದನ್ನು ಬದಲಿಸುವಂತಿಲ್ಲ. ಪದ್ಯ ಮುಗಿದ ಮೇಲಿನ ಮಾತು ಪೂರ್ತಿ ಅರ್ಥಧಾರಿಯದು, ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಕೃಷ್ಣಸಂಧಾನದಲ್ಲಿ ಸಂಧಾನ ಮುರಿಯುತ್ತದೆ ಎಂಬುದು ಕೂತವರಿಗೆಲ್ಲ ಗೊತ್ತು. ಯಾವ ಮಾತಿಗೆ ಮುರಿಯುತ್ತದೆ ಎಂಬುದು ಕೌರವನಿಗೂ ಮೊದಲೇ ತಿಳಿದಿರುವುದಿಲ್ಲ. ಕೃಷ್ಣನಾದವ ಎಲ್ಲೂ ಕೇಳದ ಒಂದು ಪ್ರಶ್ನೆ ಹಾಕಿದನೆಂದರೆ ಕೌರವ ಅಲ್ಲಿಯೇ, ಆಗಲೇ, ಕೌರವನಾಗಿಯೇ ಉತ್ತರ ಹುಡುಕಬೇಕು. ಚರ್ಚೆ ದಾರಿ ತಪ್ಪಿತು ಅಥವಾ ಉದ್ದವಾಯಿತು ಅನ್ನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಆ ಮಾತು ಮುಗಿಯಿತು. ಯಾರನ್ನೂ ಗದರಿಸಿದಂತಾಗಲಿಲ್ಲ, ಯಾರ ಮುಖವೂ ಕೆಡಲಿಲ್ಲ. ಗುಂಪನ್ನು ಹಿಡಿತದಲ್ಲಿಡುವ ಇಷ್ಟು ಮರ್ಯಾದಸ್ಥ ಉಪಾಯವನ್ನು ನಾನು ಬೇರೆ ಯಾವ ಹವ್ಯಾಸದಲ್ಲೂ ಕಂಡಿಲ್ಲ.

ಇದಕ್ಕೆ ಹತ್ತಿರದ ಒಂದು ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಮೇಜಿನ ಸುತ್ತ ಕೂತವರು ತಲಾ ಒಂದು ಪಾತ್ರ ಹಿಡಿದು ಮಾತಾಡುತ್ತಾರೆ, ಒಬ್ಬ ಕತೆ ನಡೆಸುತ್ತಾನೆ, ಅನುಮಾನದ ಜಾಗಗಳಲ್ಲಿ ದಾಳ ತೀರ್ಪು ಕೊಡುತ್ತದೆ. ನಮ್ಮಲ್ಲಿ ದಾಳವಿಲ್ಲ, ಕತೆಯ ಕೊನೆಯೂ ಮೊದಲೇ ಗೊತ್ತು. ಆದರೆ ಪಾತ್ರದೊಳಗೆ ನಿಂತು ಆ ಕ್ಷಣಕ್ಕೆ ಮಾತು ಹುಟ್ಟಿಸುವ ಸುಖ ಎರಡರಲ್ಲೂ ಒಂದೇ. ಆ ಆಟದ ಬಳಗಗಳು ಐವತ್ತು ವರ್ಷಗಳಲ್ಲಿ ಹೇಗೆ ಬದಲಾದವು ಎಂಬುದಕ್ಕೆ ಒಳ್ಳೆಯ ದಾಖಲೆಗಳಿವೆ. ಅದನ್ನು ಪಕ್ಕದಲ್ಲಿಟ್ಟುಕೊಂಡರೆ ನಮ್ಮ ಕೂಟಗಳಿಗೆ ಆದದ್ದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ತಾಳಮದ್ದಳೆ ಹಳೆಯದು. ಬಳ್ಳಾರಿ ಕಡೆಯ ಕುರುಗೋಡು ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಕರಾವಳಿಯಲ್ಲಿ ಅದನ್ನು ಬೆಳೆಸಿದ್ದು ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಪಟ್ಟಿಯಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಬಯಲಿನಲ್ಲಿ ಯಕ್ಷಗಾನದ ಆಟ ಆಡುವಂತಿಲ್ಲ. ಗೆಜ್ಜೆ ಬಿಚ್ಚಿದ ಮೇಳದವರು ಮನೆಯಲ್ಲಿರುತ್ತಾರೆ, ಗದ್ದೆಯ ನಟ್ಟಿ ಮುಗಿದಿರುತ್ತದೆ, ರಾತ್ರಿ ಬಿಡುವಿರುತ್ತದೆ. ಭಾಗವತರೊಬ್ಬರು, ಮದ್ದಳೆಯವರೊಬ್ಬರು ಸಿಕ್ಕರೆ ಸಾಕು, ಕೂಟ ಕೂಡಿಬರುತ್ತಿತ್ತು. ಶಾಲೆಯ ಮಾಸ್ತರು, ಅಂಚೆ ಕಚೇರಿಯವರು, ಅಡಿಕೆ ತೋಟದವರು, ಪೂಜೆ ಭಟ್ಟರು, ಕಿರಾಣಿ ಅಂಗಡಿಯವರು, ಹೀಗೆ ಹಗಲಿನಲ್ಲಿ ಬೇರೆ ಬೇರೆ ಕೆಲಸದಲ್ಲಿದ್ದವರು ಅಲ್ಲಿ ಭೀಷ್ಮ, ವಿದುರ, ಶಲ್ಯರಾಗುತ್ತಿದ್ದರು. ಉಡುಪಿಯ ಪಾವಂಜೆ ಗುರುರಾವ್ ಆ್ಯಂಡ್ ಸನ್ಸ್‌ನಂಥ ಪ್ರಕಾಶಕರು ಅಚ್ಚುಹಾಕಿದ ಅಗ್ಗದ ಪ್ರಸಂಗ ಪುಸ್ತಕಗಳು ಊರೂರಿಗೆ ಬಂದದ್ದು ಈ ಬಳಗಗಳಿಗೆ ದೊಡ್ಡ ಆಧಾರವಾಯಿತು. ಅಲ್ಲಿಯವರೆಗೆ ಓಲೆಗರಿ ಅಥವಾ ಕೈಬರಹದ ಪ್ರತಿ ಇದ್ದ ಮನೆಗೆ ಮಾತ್ರ ಕೂಟ ಕರೆಸುವ ಅನುಕೂಲವಿತ್ತು.

ಆ ಕೂಟಗಳಲ್ಲಿ ಹೊಸಬ ಒಳಗೆ ಬರುತ್ತಿದ್ದ ದಾರಿ ಯಾವುದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾವ ಪ್ರಸಂಗದಲ್ಲೂ ಒಬ್ಬ ದೂತನೋ ಚಾರಕನೋ ಇರುತ್ತಾನೆ. "ಒಡೆಯಾ, ದ್ವಾರಕೆಯ ಕೃಷ್ಣ ಬಂದಿದ್ದಾನೆ" ಎಂದು ಬಿನ್ನವಿಸಿ, ರಾಜ ಕೇಳಿದ ಎರಡು ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಪಾತ್ರ. ಹದಿನಾಲ್ಕು ಹದಿನೈದರ ಹುಡುಗನೊಬ್ಬ ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತಿರುತ್ತಾನೆ. ಹವ್ಯಕರ ಮನೆಯಾದರೆ ಮಾತು ಹೀಗೆ ನಡೆಯುತ್ತದೆ: "ತಮಾ, ಇಂದು ನೀ ದೂತನ ಅರ್ಥ ಹೇಳು." "ಎಂಗೆ ಬತ್ತಿಲ್ಲೆ ಭಾವಾ." "ಭಾಗವತ್ರಿದ್ದ, ಹೆದರಡ." ಹುಡುಗ ಒಂದು ವಾಕ್ಯ ಹೇಳಿ ತಡವರಿಸುತ್ತಾನೆ. ಎದುರಿನ ಕೌರವ ಕೌರವನಾಗಿಯೇ ಕೈಹಿಡಿಯುತ್ತಾನೆ: "ದಾರಿಯ ಆಯಾಸವಿರಬೇಕು ನಿನಗೆ, ನಿಧಾನವಾಗಿ ಹೇಳು, ಬಂದವನು ಒಬ್ಬನೇ ಬಂದನೋ, ಸೇನೆಯೊಂದಿಗೋ?" ಉತ್ತರ ಪ್ರಶ್ನೆಯೊಳಗೇ ಇದೆ. ಹುಡುಗ ಅದನ್ನು ಹೆಕ್ಕಿಕೊಂಡು ಹೇಳುತ್ತಾನೆ. ಅಷ್ಟೂ ತಪ್ಪಿದರೆ ಭಾಗವತರು ಪದ್ಯ ಎತ್ತುತ್ತಾರೆ. ಮರುದಿನ ಆ ಮಾತು ಯಾರ ಬಳಿಯೂ ಉಳಿಯುವುದಿಲ್ಲ. ಮುಂದಿನ ವರ್ಷ ಅದೇ ಹುಡುಗ ವಿದುರನಾಗುತ್ತಾನೆ, ಹತ್ತು ವರ್ಷಕ್ಕೆ ಕರ್ಣನಾಗುತ್ತಾನೆ. ಕಲಿಸುವುದಕ್ಕೆ ಬೇರೆ ತರಗತಿ ಇರಲಿಲ್ಲ, ಕೂಟವೇ ತರಗತಿ.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳಲು ನಾನು ಸಿದ್ಧನಿಲ್ಲ. ಬಾಗಿಲ ಸಂದಿಯಲ್ಲಿ ಹುಡುಗಿ ಕೂತಿದ್ದರೆ ಅವಳನ್ನು ಕರೆದು ದೂತನ ಅರ್ಥ ಕೊಡುತ್ತಿರಲಿಲ್ಲ. ಜಾತಿಯ ಗೆರೆಗಳೂ ಇದ್ದವು. ಯಾರ ಜಗಲಿಯಲ್ಲಿ ಯಾರು ಕೂರಬಹುದು ಎಂಬುದು ಅರ್ಥಗಾರಿಕೆಯ ಬಲದಿಂದ ಮಾತ್ರ ನಿರ್ಧಾರವಾಗುತ್ತಿರಲಿಲ್ಲ. ಹೊಸಬನಿಗೆ ಬಾಗಿಲು ತೆರೆದಿತ್ತು ಎನ್ನುವಾಗ ಯಾವ ಹೊಸಬನಿಗೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಮೊದಲ ದೊಡ್ಡ ಬದಲಾವಣೆ ಬಂದದ್ದು ದಕ್ಷಿಣದಿಂದ. ದೇರಾಜೆ ಸೀತಾರಾಮಯ್ಯ (1914–1984), ಶೇಣಿ ಗೋಪಾಲಕೃಷ್ಣ ಭಟ್ (1918–2006), ದೊಡ್ಡ ಸಾಮಗರೆಂದೂ ಸಣ್ಣ ಸಾಮಗರೆಂದೂ ಹೆಸರಾದ ಮಲ್ಪೆಯ ಶಂಕರನಾರಾಯಣ ಸಾಮಗ ಮತ್ತು ರಾಮದಾಸ ಸಾಮಗರು ತಾಳಮದ್ದಳೆಯನ್ನು ಬೇರೆಯೇ ಎತ್ತರಕ್ಕೆ ಒಯ್ದರು. ಶೇಣಿಯವರ ವಾಲಿ ರಾಮನಿಗೆ ಹಾಕುವ ಪ್ರಶ್ನೆಗಳಿಗಾಗಿ ಜನ ದೂರದೂರದಿಂದ ಬರುವಂತಾಯಿತು. ಈ ಮೂರು ತಾಲೂಕುಗಳಿರುವ ಉತ್ತರ ಕನ್ನಡದಲ್ಲಿ ಹೆಚ್ಚು ಬೆಲೆ ಆಟಕ್ಕಿತ್ತು. 1934ರಲ್ಲಿ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, ಕರ್ಕಿಯ ಹಾಸ್ಯಗಾರರ ಮನೆತನ, ಮುಂದೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ಮತ್ತು ಅಭಿನಯ, ಇವು ಈ ನೆಲದ ಅಭಿಮಾನ. ಆದರೂ ಮಾತಿನ ತೂಕಕ್ಕೆ ಮಾದರಿ ಎಂದಾಗ ಇಲ್ಲಿಯ ಹವ್ಯಾಸಿಗಳೂ ತೆಂಕಿನ, ಅಂದರೆ ದಕ್ಷಿಣದ, ಅರ್ಥಧಾರಿಗಳ ಹೆಸರು ಹೇಳತೊಡಗಿದರು.

ಅವರನ್ನು ಕೇಳಲು ಊರಿಗೆ ಕರೆಸಬೇಕಾದ ಅಗತ್ಯವೇ ತಪ್ಪಿಹೋಯಿತು, ಏಕೆಂದರೆ ಅಷ್ಟರಲ್ಲಿ ಟೇಪ್ ರೆಕಾರ್ಡರ್ ಬಂತು. ಕ್ಯಾಸೆಟ್ ಈ ಹವ್ಯಾಸಕ್ಕೆ ಏನು ಮಾಡಿತು ಎಂಬುದರ ಬಗ್ಗೆ ನಾವು ಸಾಕಷ್ಟು ಯೋಚಿಸಿಲ್ಲ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವವನಿಗೂ ಘಟ್ಟದ ಮೇಲಿನ ತೋಟದ ಮನೆಯವರಿಗೂ ಶ್ರೇಷ್ಠವಾದದ್ದು ಕಿವಿಗೆ ಬಿತ್ತು, ಅದು ಸಣ್ಣ ಲಾಭವಲ್ಲ. ಆದರೆ ಒಂದು ರಾತ್ರಿ ಹುಟ್ಟಿ ಆರಿಹೋಗಬೇಕಿದ್ದ ಮಾತು ಈಗ ಉಳಿದುಕೊಂಡಿತು, ಉಳಿದದ್ದು ಅಳತೆಗೋಲಾಯಿತು. ಊರಿನ ಮಾಸ್ತರು ವಾಲಿಯಾಗಿ ಕೂತರೆ ಕೇಳುವವರ ತಲೆಯಲ್ಲಿ ಆಗಲೇ ಇನ್ನೊಬ್ಬ ವಾಲಿ ಮಾತಾಡುತ್ತಿದ್ದ. ಕೆಲವರು ಕ್ಯಾಸೆಟ್ಟಿನ ವಾದವನ್ನೇ ಉರುಹೊಡೆದು ಒಪ್ಪಿಸಿದರು. ಎದುರಿನವನೂ ಅದೇ ಕ್ಯಾಸೆಟ್ ಕೇಳಿದ್ದರೆ ಉತ್ತರವೂ ಸಿದ್ಧವಾಗಿರುತ್ತಿತ್ತು. ಇನ್ನು ಕೆಲವರು ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಪ್ರಸಂಗದ ಆಯ್ಕೆಯೂ ಕಿರಿದಾಯಿತು. ವಾಲಿವಧೆ, ಭೀಷ್ಮವಿಜಯ, ಶರಸೇತು, ಕರ್ಣಪರ್ವ ಹೀಗೆ ಇಬ್ಬರು ದೊಡ್ಡವರು ಎದುರಾಗುವ ಕತೆಗಳೇ ಮತ್ತೆ ಮತ್ತೆ ಬಂದವು. ದೂತ, ಚಾರಕ, ಮಂತ್ರಿಗಳ ಪದ್ಯಗಳನ್ನು ಸಮಯವಿಲ್ಲವೆಂದು ಹಾರಿಸುವುದು ರೂಢಿಯಾಯಿತು.

ಇದೇ ಕತೆ ಅಮೆರಿಕದ ಆಟದ ಬಳಗಗಳಲ್ಲಿ ಕೆಲವು ದಶಕ ತಡವಾಗಿ ನಡೆದಿದೆ. 2015ರಲ್ಲಿ 'ಕ್ರಿಟಿಕಲ್ ರೋಲ್' ಎಂಬ ಕಾರ್ಯಕ್ರಮ ಶುರುವಾಯಿತು. ವೃತ್ತಿಯಿಂದ ಕಂಠದಾನ ಕಲಾವಿದರಾದವರು ಈ ಆಟ ಆಡುವುದನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸಿದರು. ಕತೆ ನಡೆಸುತ್ತಿದ್ದ ಮ್ಯಾಟ್ ಮರ್ಸರ್ ಅಸಾಧಾರಣ ಪ್ರತಿಭೆಯ ಮನುಷ್ಯ. ಅದನ್ನು ನೋಡಿ ಬಂದ ಲಕ್ಷಾಂತರ ಹೊಸಬರು ತಮ್ಮ ಗೆಳೆಯನ ಮನೆಯ ಆಟವೂ ಹಾಗೆಯೇ ಇರಬೇಕೆಂದು ಬಯಸಿದರು, ಇಲ್ಲದಿದ್ದಾಗ ಬೇಸರಪಟ್ಟರು. 'ಮ್ಯಾಟ್ ಮರ್ಸರ್ ಪರಿಣಾಮ' ಎಂದು ಅದಕ್ಕೆ ಹೆಸರೇ ಬಿತ್ತು. ಅಲ್ಲಿಯವರು ಅದನ್ನು ಸಮಸ್ಯೆಯೆಂದು ಗುರುತಿಸಿ, ಹೆಸರಿಟ್ಟು, ಬಹಿರಂಗವಾಗಿ ಚರ್ಚಿಸಿದರು. ಹೊಸಬರಿಗೆ ಧೈರ್ಯ ಹೇಳಿದವರಲ್ಲಿ ಸ್ವತಃ ಮರ್ಸರ್ ಒಬ್ಬರು. ನಾವು ಶೇಣಿ–ಸಾಮಗರ ಕ್ಯಾಸೆಟ್ಟನ್ನು ಭಕ್ತಿಯಿಂದ ಕೇಳಿದೆವು, ನಮ್ಮ ಊರಿನ ಕೂಟ ಸಣ್ಣದಾಗುತ್ತಿರುವುದಕ್ಕೆ ಹುಡುಗರಲ್ಲಿ ಆಸಕ್ತಿಯಿಲ್ಲ ಎಂಬ ಕಾರಣ ಕೊಟ್ಟೆವು.

ಆಮೇಲೆ ಇಂಟರ್ನೆಟ್ ಬಂತು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಹೊತ್ತಿಗೆ ಈ ಮೂರು ತಾಲೂಕುಗಳ ಓದಿದ ಮಕ್ಕಳು ಬೆಂಗಳೂರಿಗೆ, ಮುಂಬಯಿಗೆ, ಕೊಲ್ಲಿಗೆ ಹೊರಟಾಗಿತ್ತು. ಊರಿನ ಕೂಟ ತಪ್ಪಿಸಿಕೊಂಡವರು ಮೊದಲು ಆರ್ಕುಟ್‌ನಲ್ಲಿ, ನಂತರ ಫೇಸ್‌ಬುಕ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಎಲ್ಲಿ ಆಟ, ಯಾರ ವೇಷ, ನಿನ್ನೆಯ ಕೂಟದಲ್ಲಿ ಯಾರು ಚೆನ್ನಾಗಿ ಹೇಳಿದರು ಎಂಬುದೇ ಮಾತು. ಆಮೇಲೆ ವಾಟ್ಸ್‌ಆ್ಯಪ್. 2013ರಲ್ಲಿ ಅದಕ್ಕೆ ಧ್ವನಿಸಂದೇಶ ಸೇರಿದ್ದು ಈ ಹವ್ಯಾಸದ ಮಟ್ಟಿಗೆ ದೊಡ್ಡ ಸಂಗತಿ. ಭಾಗವತರು ಪದ್ಯ ಹಾಡಿ ಕಳಿಸುವುದು, ಅರ್ಥಧಾರಿ ತನಗೆ ಬಿಡುವಾದಾಗ ಅದಕ್ಕೆ ಅರ್ಥ ಹೇಳಿ ಕಳಿಸುವುದು, ಎದುರಿನವ ಇನ್ನೊಂದು ಊರಿನಿಂದ ಉತ್ತರ ಕೊಡುವುದು, ಹೀಗೆ ಒಂದು ಕೂಟ ದಿನಗಟ್ಟಲೆ ನಡೆಯುವ ಪ್ರಯೋಗಗಳಾದವು. ಅಂಚೆಯ ಮೂಲಕ ಆಟ ಆಡುತ್ತಿದ್ದ ಅಮೆರಿಕದ ಹಳೆಯ ಹವ್ಯಾಸಿಗಳು ಮಾಡಿದ್ದೂ ಇದನ್ನೇ. ಲೀ ಗೋಲ್ಡ್ ಎಂಬಾಕೆ 1975ರಿಂದ ನಡೆಸಿದ, ಆಟದ ಚರ್ಚೆಗೆಂದೇ ಇದ್ದ ಪತ್ರಿಕೆಯಲ್ಲೂ ಪ್ರತಿಯೊಬ್ಬರೂ ತಮ್ಮ ಪುಟ ತಾವೇ ಟೈಪು ಮಾಡಿ ಕಳಿಸುತ್ತಿದ್ದರು, ಎಲ್ಲವನ್ನೂ ಒಟ್ಟುಗೂಡಿಸಿ ಎಲ್ಲರಿಗೂ ಹಂಚಲಾಗುತ್ತಿತ್ತು. ಧ್ವನಿಸಂದೇಶದ ಕೂಟದಲ್ಲಿ ಯೋಚಿಸಲು ಸಮಯ ಸಿಗುತ್ತದೆ, ಅಳುಕಿನ ಸ್ವಭಾವದವರಿಗೆ ಅದು ಒಳ್ಳೆಯದು. ಆದರೆ ಹೇಳಿದ್ದನ್ನು ಅಳಿಸಿ ಮತ್ತೆ ಮತ್ತೆ ಹೇಳಿ ನುಣುಪಾಗಿಸುವ ಚಾಳಿಯೂ ಅಂಟುತ್ತದೆ. ಆಗ ತಾಳಮದ್ದಳೆಯ ಜೀವವಾದ ಆಶುತ್ವವೇ ಹೋಗುತ್ತದೆ.

ವಾಟ್ಸ್‌ಆ್ಯಪ್ ಗುಂಪುಗಳ ರಚನೆಯೂ ಬಳಗವನ್ನು ತಿದ್ದಿತು. ಬಹುಕಾಲ ಒಂದು ಗುಂಪಿನಲ್ಲಿ 256 ಜನರಿಗೆ ಮಾತ್ರ ಜಾಗವಿತ್ತು, 2022ರಲ್ಲಿ ಅದು 1,024ಕ್ಕೆ ಏರಿತು. ಮಿತಿ ಇದ್ದಾಗ ಗುಂಪು ತುಂಬಿ ಎರಡನೆಯದು, ಮೂರನೆಯದು ಆಗುತ್ತಿತ್ತು. ಬೇಡವೆಂದು ಹೊರಹೋದವರ ಜಾಗಕ್ಕೆ ನಿಜವಾಗಿ ಬೇಕಾದವರು ಬರುತ್ತಿದ್ದರು. ಮಿತಿ ಹಿಗ್ಗಿದ ಮೇಲೆ ಗುಂಪು ಸಭೆಯ ರೂಪ ಬಿಟ್ಟು ಸಂತೆಯಾಯಿತು. ಹುಟ್ಟುಹಬ್ಬದ ಶುಭಾಶಯ, ರಾಜಕೀಯದ ಫಾರ್ವರ್ಡ್, ಯಕ್ಷಗಾನದ ಉತ್ತರದ ತಿಟ್ಟಾದ ಬಡಗು ಮೇಲೋ, ದಕ್ಷಿಣದ ತೆಂಕು ಮೇಲೋ ಎಂಬ ಮುಗಿಯದ ಜಗಳ. ಅಡ್ಮಿನ್ ಆದವರು ಸಂದೇಶ ಅಳಿಸಬಹುದು, ಮನುಷ್ಯನನ್ನು ತೆಗೆದುಹಾಕಬಹುದು, ಎರಡೂ ಅವಮಾನವೇ. ಭಾಗವತರಿಗಿರುವ ಪದ್ಯ ಎತ್ತುವ ಸೌಲಭ್ಯ ಅವರಿಗಿಲ್ಲ. ಈ ತಿಟ್ಟಿನ ಜಗಳ ಭಟ್ಕಳದ ಕಡೆ ಬೇರೆ ರೂಪ ಪಡೆಯುತ್ತದೆ. ಶಿರೂರು ದಾಟಿದರೆ ಕುಂದಾಪುರದ ಬಡಗು, ಹೊನ್ನಾವರಕ್ಕೆ ಬಂದರೆ ಕೆರೆಮನೆ–ಕರ್ಕಿಯ ಬಡಗು, ನಡುವಿನ ಭಟ್ಕಳ, ಮುರ್ಡೇಶ್ವರದವರ ಕಿವಿಗೆ ಎರಡೂ ಪರಿಚಿತ. ಎದುರೆದುರು ಕೂತಾಗ ಅವರು ಎರಡನ್ನೂ ಸಲೀಸಾಗಿ ಬೆಸೆಯುತ್ತಿದ್ದರು. ಗುಂಪಿನಲ್ಲಿ ಯಾವುದಾದರೂ ಒಂದು ಪಕ್ಷ ಹಿಡಿಯಲೇಬೇಕಾದ ಒತ್ತಡ ಹುಟ್ಟುತ್ತದೆ.

ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಋತು ತಪ್ಪಿಹೋದದ್ದು. ಯೂಸ್‌ನೆಟ್ ಎಂಬ ಹಳೆಯ ಜಾಲದಲ್ಲಿ ಒಂದು ಕ್ರಮವಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಒಂದಷ್ಟು ಗಲಾಟೆಯಾಗುತ್ತಿತ್ತು, ಹಳಬರು ರೀತಿನೀತಿ ಕಲಿಸುತ್ತಿದ್ದರು, ಚಳಿಗಾಲಕ್ಕೆ ಎಲ್ಲ ತಣ್ಣಗಾಗುತ್ತಿತ್ತು. ಮನೆಮನೆಗೆ ಇಂಟರ್ನೆಟ್ ಬಂದ ಮೇಲೆ ಹೊಸಬರು ವರ್ಷವಿಡೀ ಬರತೊಡಗಿದರು, ಕಲಿಸುವವರು ದಣಿದರು. 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ನಮ್ಮ ಮಳೆಗಾಲವೂ ಅಂಥ ಒಂದು ಕ್ರಮವಾಗಿತ್ತು. ಎಂಟು ತಿಂಗಳು ಆಟ ನೋಡಿ ಕಿವಿ ತುಂಬಿಕೊಂಡವರು ನಾಲ್ಕು ತಿಂಗಳು ಬಾಯಿ ತೆರೆಯುತ್ತಿದ್ದರು. ಕೇಳುವ ಕಾಲ, ಹೇಳುವ ಕಾಲ ಎರಡೂ ಬೇರೆಯಿದ್ದವು. ಈಗ ಯಾವ ತಿಂಗಳ ಯಾವ ರಾತ್ರಿಗೂ ಯಾವುದೋ ಊರಿನ ಕೂಟ ಯೂಟ್ಯೂಬಿನಲ್ಲಿ ನೇರ ಬರುತ್ತಿರುತ್ತದೆ. ಕೇಳುವ ಕಾಲ ಮುಗಿಯುವುದೇ ಇಲ್ಲ, ಹಾಗಾಗಿ ಹೇಳುವ ಕಾಲ ಬರುವುದೇ ಇಲ್ಲ.

2020ರ ಲಾಕ್‌ಡೌನ್ ಇದನ್ನೆಲ್ಲ ಒಮ್ಮೆಲೇ ಮುಂದೆ ತಳ್ಳಿತು. ತಿರುಗಾಟ ಅರ್ಧಕ್ಕೆ ನಿಂತು ಕಲಾವಿದರು ಮನೆ ಸೇರಿದಾಗ ಪ್ರೇಕ್ಷಕರಿಲ್ಲದ ಕೋಣೆಗಳಿಂದ ಕೂಟಗಳ ನೇರ ಪ್ರಸಾರ ನಡೆಯಿತು. ನೆರವಿನ ಹಣವೂ ಸಂಗ್ರಹವಾಯಿತು. ಎಲ್ಲರೂ ತಂತಮ್ಮ ಮನೆಯಿಂದಲೇ ಸೇರುವ ಯತ್ನಗಳಲ್ಲಿ ಒಂದು ತಾಂತ್ರಿಕ ಸತ್ಯ ಎದುರಾಯಿತು. ಇಂಟರ್ನೆಟ್ಟಿನಲ್ಲಿ ದನಿ ತಲುಪಲು ಕ್ಷಣದ ಒಂದು ಭಾಗದಷ್ಟು ತಡವಾಗುತ್ತದೆ. ಇಬ್ಬರ ವಾದಕ್ಕೆ ಆ ತಡ ಅಡ್ಡಿಯಲ್ಲ, ಯೋಚಿಸಿ ಉತ್ತರಿಸಿದಂತೆಯೇ ಕೇಳುತ್ತದೆ. ಹಾಡಿಗೂ ಮದ್ದಳೆಗೂ ಮಾತ್ರ ಅದು ಮಾರಕ. ಭಾಗವತರು ಒಂದೂರಿನಲ್ಲಿ, ಮದ್ದಳೆಯವರು ಇನ್ನೊಂದೂರಿನಲ್ಲಿ ಇದ್ದರೆ ಲಯ ಕೂಡುವುದೇ ಇಲ್ಲ. ಆದ್ದರಿಂದ ಹಿಮ್ಮೇಳ ಒಂದೇ ಕೋಣೆಯಲ್ಲಿರಬೇಕು, ಅರ್ಥಧಾರಿಗಳು ಎಲ್ಲಿದ್ದರೂ ನಡೆಯುತ್ತದೆ. ಇದರಿಂದ ಒಂದು ಅನುಕೂಲ ತಾನಾಗಿ ಒದಗಿತು. ಕುಮಟಾದ ಹಿಮ್ಮೇಳ, ದುಬೈನ ಅರ್ಜುನ, ಬೆಂಗಳೂರಿನ ಹನುಮಂತ ಸೇರಿ ಶರಸೇತು ಮಾಡಬಹುದು. ಆಗ ಹಲವರು ಸಾಧಾರಣ ಕೂಟಗಳಲ್ಲಿ ಮೊದಲ ಬಾರಿ ಬಾಯಿ ಬಿಟ್ಟರು, ಅವರಲ್ಲಿ ಹೆಂಗಸರೂ ಇದ್ದರು. ಜಗಲಿಯ ಕಾಲದಲ್ಲಿ ಸಿಗದ ಪ್ರವೇಶ ಅವರಿಗೆ ಪರದೆಯ ಮೇಲೆ ಸಿಕ್ಕಿತು. ಮಹಿಳೆಯರದೇ ತಾಳಮದ್ದಳೆ ತಂಡಗಳು ಇಂದು ಕರಾವಳಿಯಲ್ಲೂ ಘಟ್ಟದ ಮೇಲೂ ಇವೆ, ಅಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಉತ್ಸಾಹ ಇನ್ನೂ ಎದ್ದು ಕಾಣುತ್ತದೆ.

ಇನ್ನೊಂದು ಲಾಭವನ್ನು ಮನಸಾರೆ ಹೇಳಬೇಕು. ಬೆಂಗಳೂರಿನ ಯಕ್ಷವಾಹಿನಿಯವರು ಮತ್ತು ಅವರೊಂದಿಗೆ ದುಡಿದ ಹವ್ಯಾಸಿಗಳು ಹಳೆಯ ಪ್ರಸಂಗಗಳನ್ನು ಹುಡುಕಿ, ಟೈಪಿಸಿ, ತಿದ್ದಿ, ಯಾರು ಬೇಕಾದರೂ ಮೊಬೈಲಿಗೆ ಇಳಿಸಿಕೊಳ್ಳುವಂತೆ ಉಚಿತವಾಗಿ ಇಟ್ಟಿದ್ದಾರೆ. ಪಾವಂಜೆಯವರ ಅಚ್ಚಿನ ಪುಸ್ತಕಗಳು ಒಂದು ಕಾಲಕ್ಕೆ ಮಾಡಿದ ಕೆಲಸದ ಮುಂದುವರಿಕೆ ಇದು. ಹರಟೆಯ ಗುಂಪುಗಳಿಂದ ಹುಟ್ಟಿದ ಬಳಗವೊಂದು ಹರಟೆ ಮುಗಿದ ಮೇಲೂ ಉಳಿಯುವಂಥದ್ದನ್ನು ಕೊಟ್ಟ ಉದಾಹರಣೆ. ಹರಟೆ ಮಾತ್ರ ಉಳಿಯುವುದಿಲ್ಲ. ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು, ಅಲ್ಲಿಯ ಯಕ್ಷಗಾನ ಚರ್ಚೆಗಳು ಇಂದು ಓದಲು ಸಿಗುವುದಿಲ್ಲ. ಮೇಜಿನಾಟದ ಬಳಗಗಳು ಪ್ರೀತಿಯಿಂದ ನೆಚ್ಚಿಕೊಂಡಿದ್ದ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದಾಗ ಅವರಿಗೂ ಇದೇ ನಷ್ಟವಾಯಿತು. ವಾಟ್ಸ್‌ಆ್ಯಪ್‌ನಲ್ಲಿ ನಡೆದ ಒಳ್ಳೆಯ ವಿಮರ್ಶೆ ಫೋನ್ ಬದಲಿಸಿದ ದಿನ ಹೋಗುತ್ತದೆ. ಆಶು ಮಾತು ಮರೆತುಹೋಗುವುದು ಹೊಸಬನಿಗೆ ರಕ್ಷಣೆ, ಸರಿ. ಯೋಚಿಸಿ ಬರೆದ ವಿಮರ್ಶೆ ಮಾಯವಾಗುವುದು ಬರಿಯ ನಷ್ಟ. ಈಗ ನಡೆಯುತ್ತಿರುವುದು ಇದರ ತಿರುವುಮುರುವು: ಹೊಸಬನ ತಡವರಿಕೆ ವಿಡಿಯೊದಲ್ಲಿ ಶಾಶ್ವತ, ಹಿರಿಯನೊಬ್ಬ ಬರೆದ ವಿಮರ್ಶೆ ಕ್ಷಣಿಕ.

ಮೊಬೈಲ್ ಕ್ಯಾಮರಾ ಇಲ್ಲದ ಕೂಟ ಇಂದು ಸಿಗುವುದು ಕಷ್ಟ. ತಡವರಿಸಿದ ಅರ್ಧ ನಿಮಿಷವನ್ನು ಕತ್ತರಿಸಿ, ನಗುವ ಚಿತ್ರ ಅಂಟಿಸಿ ಹಂಚುವವರಿದ್ದಾರೆ. ಹದಿನೈದರ ಹುಡುಗನಿಗೋ ಹುಡುಗಿಗೋ ಇದು ಚೆನ್ನಾಗಿ ಗೊತ್ತು. ಅವರಿಗೆ ಆಸಕ್ತಿಯಿಲ್ಲ ಎನ್ನುವ ಮೊದಲು ಅವರು ಹೆದರುವುದಕ್ಕೆ ಎಷ್ಟು ಕಾರಣ ಕೊಟ್ಟಿದ್ದೇವೆ ಎಂದು ನೋಡಬೇಕು. ಬೆಂಗಳೂರಿನ ಕೆಫೆಗಳಲ್ಲಿ ಮೇಜಿನಾಟ ಆಡುವ ಅದೇ ವಯಸ್ಸಿನವರು ಗಂಟೆಗಟ್ಟಲೆ ಪಾತ್ರವಾಗಿ ಮಾತಾಡುತ್ತಾರೆ, ಅಪರಿಚಿತರ ಎದುರೂ ಸಂಕೋಚಪಡುವುದಿಲ್ಲ. ಅಲ್ಲಿ ಹೊಸಬರಿಗೆಂದೇ ಬೇರೆ ಆಟಗಳು ಇರುತ್ತವೆ, ತಪ್ಪಿದರೆ ಪಕ್ಕದವರು ನಗುತ್ತಾ ಸರಿಮಾಡುತ್ತಾರೆ, ಯಾರೂ ಚಿತ್ರೀಕರಿಸುತ್ತಿರುವುದಿಲ್ಲ.

ಈ ಮೂರು ತಾಲೂಕುಗಳಲ್ಲಿ ಕೂಟ ನಡೆಸುವವರ ಮುಂದೆ ನಾನು ಇಡುವುದು ಕೆಲವು ಸಣ್ಣ ಕೇಳಿಕೆಗಳು. ನೇರ ಪ್ರಸಾರ ದೊಡ್ಡ ಕೂಟಗಳಿಗಿರಲಿ, ವಾರದ ಕೂಟದಲ್ಲಿ ಮೊದಲ ಒಂದು ಗಂಟೆ ಕ್ಯಾಮರಾ ಬೇಡ. ಪ್ರಸಂಗಪಟ್ಟಿ ಮಾಡುವ ಭಾಗವತರು ಸಣ್ಣ ಪಾತ್ರಗಳ ಪದ್ಯ ಹಾರಿಸದೆ ಇರಲಿ. ಕೃಷ್ಣಸಂಧಾನವನ್ನು ಕೌರವನ ಸಭೆಯಿಂದ ಶುರುಮಾಡುವ ಬದಲು ದ್ರೌಪದಿ, ಭೀಮ, ಸಹದೇವರ ಭಾಗದಿಂದ ಎತ್ತಿಕೊಂಡರೆ ನಾಲ್ಕೈದು ಜನರಿಗೆ ಬಾಯಿ ತೆರೆಯಲು ಜಾಗವಾಗುತ್ತದೆ. 1986ರಲ್ಲಿ ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಕೇಂದ್ರ ತೆರೆದು ಕುಣಿತ, ಹಾಡು, ಮದ್ದಳೆಗೆ ಒಂದು ಕಲಿಕೆಯ ಮನೆ ಕಟ್ಟಿಕೊಟ್ಟರು. ಅರ್ಥಗಾರಿಕೆಗೆ ಅಂಥ ಮನೆ ಬೇಕಿಲ್ಲ, ಕಟ್ಟಡದ ಖರ್ಚಿಲ್ಲದ ಕಲಿಕೆ ಅದು. ಬೇಕಾದದ್ದು ಒಬ್ಬ ತಾಳ್ಮೆಯ ಭಾಗವತ, ಉತ್ತರವನ್ನು ಪ್ರಶ್ನೆಯೊಳಗಿಟ್ಟು ಕೇಳಬಲ್ಲ ಒಬ್ಬ ಹಿರಿಯ ಕೌರವ. ಇನ್ನು ವಾಟ್ಸ್‌ಆ್ಯಪ್‌ಗೆ ಬರುವ ಕೂಟದ ಪೋಸ್ಟರುಗಳಲ್ಲಿ ದೊಡ್ಡವರ ಫೋಟೊಗಳ ಕೆಳಗೆ, ಸಣ್ಣ ಅಕ್ಷರದಲ್ಲಾದರೂ, ದೂತನ ಅರ್ಥ ಹೇಳುವವರ ಹೆಸರನ್ನೂ ಊರನ್ನೂ ಹಾಕಿ.